ಅಣ್ಣ ಸುತ್ತಿದ ಮೋಟಾರುಗಳು

ನಮ್ಮ ಅಣ್ಣ ಮೋಟಾರಿಗೆ ಬೆಂಕಿ ಇಡುತ್ತಿದ್ದ. ಹೀಗೆಂದರೆ ಅವನೇನೋ ಹುಚ್ಚ ಅಂದುಕೊಂಡೀರಿ. ದಾಂಡೇಲಿಯಲ್ಲಿ ವೈಂಡಿಂಗ್ ಅಂಗಡಿ ಇಟ್ಟವರೆಲ್ಲ ಮಾಡುವುದೇ ಹಾಗೆ. ಸುಟ್ಟುಹೋದ ಮೋಟಾರು ಬಂತೆಂದರೆ ಅದರ ಹೊಟ್ಟೆಯೊಳಗಿನ ಹಳೆಯ ತಾಮ್ರದ ತಂತಿ ಕಿತ್ತು ಹೊಸದನ್ನು ಸುತ್ತಬೇಕು. ವಾರ್ನಿಷ್ ಕುಡಿದ ತಂತಿ ಕಲ್ಲಿನಂತೆ ಕೂತಿರುತ್ತದೆ, ಸುಮ್ಮನೆ ಎಳೆದರೆ ಬರುವುದಿಲ್ಲ. ಸಾಮಿಲ್ಲಿನ ಚಕ್ಕೆ, ಹೊಟ್ಟು ಬೇಕಾದಷ್ಟು ಸಿಗುವ ಊರು ನಮ್ಮದು. ಅಂಗಡಿಯ ಹಿಂದಿನ ಬಯಲಲ್ಲಿ ಚಕ್ಕೆ ಒಟ್ಟಿ, ಮೋಟಾರಿನ ಕಬ್ಬಿಣದ ಒಡಲನ್ನು ಅದರ ಮೇಲೆ ಮಲಗಿಸಿ ಬೆಂಕಿ ಹಚ್ಚಿದರೆ ಸಂಜೆಯೊಳಗೆ ತಂತಿ ತಾನಾಗಿ ಸಡಿಲವಾಗುತ್ತಿತ್ತು. "ಕೆಂಪಗ ಕಾಯ್ಬೇಕ ತಮ್ಮಾ, ಅಂದ್ರನ ಬಿಡತೈತಿ," ಅನ್ನುತ್ತಿದ್ದ ಅಣ್ಣ.

ಅಷ್ಟು ಕಾದ ಕಬ್ಬಿಣ ತಣ್ಣಗಾಗುವಾಗ ಎಲ್ಲೋ ಒಂದಿಷ್ಟು ಸೊಟ್ಟಗಾಗುತ್ತದೆ. ಹೊಸ ತಂತಿ ಸುತ್ತಿ ಜೋಡಿಸಿದರೆ ಒಳಗೆ ತಿರುಗುವ ರೋಟರು ಸುತ್ತಲಿನ ಗೋಡೆಗೆ ತಾಗಿ ಕರಕರ ಅನ್ನುತ್ತದೆ. ಅದಕ್ಕೂ ಅಣ್ಣನ ಹತ್ತಿರ ಮದ್ದಿತ್ತು. ರೋಟರನ್ನು ಲೇತ್ ಯಂತ್ರಕ್ಕೆ ಕಟ್ಟಿ ಅದರ ಮೈಮೇಲಿಂದ ಒಂದು ಕೂದಲಿನಷ್ಟು ಕಬ್ಬಿಣ ಕೆರೆದುಬಿಡುತ್ತಿದ್ದ. ಆಮೇಲೆ ಕರಕರ ಎಲ್ಲಿಯದು? ಮೋಟಾರು ಒಯ್ಯಲು ಬಂದ ಗಿರಣಿಯವರು ಎರಡು ಬೆರಳಿನಿಂದ ಶಾಫ್ಟು ತಿರುಗಿಸಿ ನೋಡುವುದೇ ನಮ್ಮ ಕಡೆಯ ಪರೀಕ್ಷೆ. ಸದ್ದಿಲ್ಲದೆ ತಿರುಗಿತೋ, ಪಾಸು. ಆ ಪರೀಕ್ಷೆಯಲ್ಲಿ ಅಣ್ಣನನ್ನು ಮೀರಿಸಿದವರಿರಲಿಲ್ಲ. ಹಳಿಯಾಳ, ಜೋಯಿಡಾ, ಮುಂಡಗೋಡ, ಎಲ್ಲ ಕಡೆಯ ಗಿರಣಿಯವರು ಅವನ ಬಾಗಿಲಿಗೇ ಬರುತ್ತಿದ್ದರು.

ಅಪ್ಪ ಧಾರವಾಡದ ಕಡೆಯಿಂದ ಬಂದು ಕಾಗದದ ಗಿರಣಿಯಲ್ಲಿ ದುಡಿದವರು. ಬೇಗ ಹೋಗಿಬಿಟ್ಟರು. ಅಣ್ಣ ಶಾಲೆ ಬಿಟ್ಟು ವೈಂಡಿಂಗ್ ಕಲಿತ, ನನ್ನನ್ನು ಡಿಪ್ಲೊಮಾ ಓದಿಸಿದ. ನಾನೀಗ ಹಳಿಯಾಳದಲ್ಲಿ ಮನೆ ಮಾಡಿಕೊಂಡು, ಲೈಸೆನ್ಸ್ ಹಿಡಿದು, ಗಿರಣಿಗಳ ಕರೆಂಟಿನ ಕೆಲಸ ಮಾಡಿಸುವ ಕಾಂಟ್ರಾಕ್ಟರ. ನನ್ನ ನಾಲಿಗೆ ಒರಟು, ಕಡ್ಡಿ ಮುರಿದ ಹಾಗೆ ಮಾತಾಡುತ್ತೇನೆ ಎಂದು ಮನೆಯವರೆಲ್ಲರ ದೂರು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ನನಗೆ ಹಾಗೆ ಒದೆಸಿಕೊಂಡು ರೂಢಿಯಾಗಿದೆ. ಅಣ್ಣನೊಬ್ಬ ಮಾತ್ರ ಯಾವತ್ತೂ ನನ್ನ ಪರವಾಗಿಯೇ ಮಾತಾಡುತ್ತಿದ್ದ.

ನನ್ನ ಹೆಚ್ಚಿನ ಕೆಲಸ ಗಿರಣಿಗಳಿಗೆ ಕೆಪಾಸಿಟರ್ ಕೂಡಿಸಿ ಪವರ್ ಫ್ಯಾಕ್ಟರ್ ಸರಿಮಾಡುವುದು. ಇದನ್ನು ಗಿರಣಿಯವರಿಗೆ ತಿಳಿಸಿ ಹೇಳುವಷ್ಟರಲ್ಲಿ ಬಾಯಿ ಒಣಗುತ್ತದೆ. ಅದಕ್ಕೇ ಮೆಕ್ಕೆಜೋಳದ ತೆನೆಯೊಂದನ್ನು ಕೈಗೆ ಕೊಡುತ್ತೇನೆ. ಬಂಡಿ ತುಂಬ ತೆನೆ ಹೇರಿಕೊಂಡು ಬಂದಿರಿ ಅನ್ನಿ. ಹಿಟ್ಟಾಗುವುದು ಕಾಳು ಮಾತ್ರ. ಒಳಗಿನ ಬೆಂಡು ಬಂದ ಹಾಗೆ ವಾಪಸು ಹೋಗುತ್ತದೆ. ಬೆಂಡಿಲ್ಲದೆ ಕಾಳು ನಿಲ್ಲುವುದಿಲ್ಲ ನಿಜ, ಆದರೆ ಬಂಡಿಯ ಜಾಗ ತಿನ್ನುತ್ತದಲ್ಲ? ಮೋಟಾರಿಗೂ ಹಾಗೆ. ತಿರುಗಬೇಕಾದರೆ ಅದಕ್ಕೊಂದಿಷ್ಟು ಬೆಂಡು ಕರೆಂಟು ಬೇಕು. ಅದು ತಂತಿಯಲ್ಲಿ ಬರುತ್ತದೆ, ಹೋಗುತ್ತದೆ, ಹಿಟ್ಟು ಬೀಸುವುದಿಲ್ಲ. ಅದು ಹೆಚ್ಚಾಯಿತೆಂದರೆ ಪವರ್ ಫ್ಯಾಕ್ಟರ್ ಬಿತ್ತು ಅಂತ ಅರ್ಥ, ಬಿಲ್ಲಿನಲ್ಲಿ ದಂಡ ಬೀಳುತ್ತದೆ. ಕೆಪಾಸಿಟರ್ ಇಟ್ಟರೆ ಆ ಬೆಂಡು ಗಿರಣಿಯ ಅಂಗಳದಲ್ಲೇ ಓಡಾಡಿಕೊಂಡಿರುತ್ತದೆ, ಹೊರಗಿನ ತಂತಿಗೆ ಭಾರವಿಲ್ಲ, ಬಿಲ್ಲಿಗೆ ದಂಡವಿಲ್ಲ. ಇಷ್ಟು ಹೇಳಿದ ಮೇಲೂ "ಮತ್ತ ಈ ಡಬ್ಬಿ ಕರೆಂಟ್ ಉಳಸ್ತೈತೋ ತಿಂತೈತೋ?" ಅಂತ ಕೇಳುವವರಿದ್ದಾರೆ. ಅವರಿಗೆ ಆ ತೆನೆಯಲ್ಲೇ ಒಂದು ಕೊಡಬೇಕು ಅನಿಸುತ್ತದೆ.

ಮುಂಡಗೋಡದಿಂದ ಸನವಳ್ಳಿಯ ಕಡೆಗೆ ಹೋಗುವ ದಾರಿಯಲ್ಲಿ ಒಬ್ಬ ಶೇಠರದು ದನದ ಹಿಂಡಿಯ ಗಿರಣಿ. ಟಿಬೆಟನ್ ಕಾಲೊನಿಯ ಹೊಲಗಳ ಮೆಕ್ಕೆಜೋಳ ಬಹಳಷ್ಟು ಅವರಲ್ಲಿಗೇ ಬರುತ್ತದೆ. ಅಲ್ಲಿ ಕೆಪಾಸಿಟರ್ ಕೂಡಿಸಿದವನು ನಾನೇ. ಒಂದು ಮಧ್ಯಾಹ್ನ ಅವರ ಫೋನು ಬಂತು.

"ಏನ್ರಿ ಕಾಂಟ್ರಾಕ್ಟರ್ರ, ನಿಮ್ಮ ಡಬ್ಬಿ ಕೂಡ್ಸಿ ವರ್ಷ ಆತು. ದಂಡ ಮಾತ್ರ ತಪ್ಪವಲ್ದು. ಡೂಪ್ಲಿಕೇಟ್ ಮಾಲ್ ಹಾಕೀರೇನು?"

ಸಿಟ್ಟು ನೆತ್ತಿಗೇರಿತು. ನನ್ನನ್ನು ಒರಟ ಅನ್ನಿ, ಜಗಳಗಂಟ ಅನ್ನಿ, ಡೂಪ್ಲಿಕೇಟ್ ಅನ್ನಬೇಡಿ. ಮರುದಿನವೇ ಗಾಡಿ ಹತ್ತಿ ಹೋದೆ, ಅವರ ಮುಖಕ್ಕೆ ಮೀಟರು ಹಿಡಿದು ತೋರಿಸಬೇಕು ಅಂತ. ಕೆಪಾಸಿಟರುಗಳು ಒಂದೊಂದೂ ಸರಿಯಾಗಿದ್ದವು. ಹಾಗಾದರೆ ತಪ್ಪು ಎಲ್ಲಿ? ಮೋಟಾರುಗಳ ಬೆಲ್ಟು ಬಿಚ್ಚಿಸಿ ಖಾಲಿ ಓಡಿಸಿದೆ. ಇಕ್ಕಳದಂತೆ ತಂತಿಯನ್ನು ಕಚ್ಚಿ ಹಿಡಿದು ಕರೆಂಟು ತೋರಿಸುವ ಮೀಟರು ನನ್ನ ಹತ್ತಿರ ಇರುತ್ತದೆ. ಅದನ್ನು ಒಂದೊಂದಕ್ಕೂ ಹಾಕಿದೆ. ಇತ್ತೀಚೆಗೆ ಕೊಂಡಿದ್ದ, ಇನ್ನೂ ಸುಡದ ಮೋಟಾರೊಂದು ಮಾತ್ರ ಮಿತವಾಗಿ ಉಣ್ಣುತ್ತಿತ್ತು. ಉಳಿದವು ಒಂದು ಕಾಳನ್ನೂ ಬೀಸದೆ, ತುಂಬಿದ ಗಿರಣಿ ತಿರುಗಿಸುತ್ತಿರುವಂತೆ ಕರೆಂಟು ಎಳೆಯುತ್ತಿದ್ದವು. ಬರೀ ಬೆಂಡು.

ಒಂದನ್ನು ಬಿಚ್ಚಿದೆ. ತೆಳ್ಳನೆಯ ಉಕ್ಕಿನ ಪಟ್ಟಿಗಳನ್ನು ತೂರಿಸಿ ರೋಟರಿಗೂ ಗೋಡೆಗೂ ನಡುವಿನ ಸಂದು ಅಳೆದೆ. ಇರಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು. ಆ ಸಂದು ಅಗಲವಾದಷ್ಟೂ ಮೋಟಾರಿಗೆ ಬೆಂಡು ಕರೆಂಟು ಹೆಚ್ಚು ಬೇಕು. ಡಿಪ್ಲೊಮಾದಲ್ಲಿ ಬಾಯಿಪಾಠ ಮಾಡಿದ ಮಾತು. ಸುಟ್ಟಾಗ ಒಂದು ಕೂದಲು, ಮತ್ತೆ ಸುಟ್ಟಾಗ ಇನ್ನೊಂದು ಕೂದಲು. ತಂತಿಯ ಸುರುಳಿಗಳ ತುದಿಯನ್ನು ಹತ್ತಿಯ ಪಟ್ಟಿಯಿಂದ ಬಿಗಿದು ಹಾಕಿದ ಗಂಟು ನೋಡಿದೆ. ಆ ಗಂಟನ್ನು ಹಾಗೆ ಒಳಗೆ ಮಡಚಿ ಹಾಕುವವನು ಈ ಸೀಮೆಯಲ್ಲಿ ಒಬ್ಬನೇ. ಚಿಕ್ಕವನಿದ್ದಾಗ ನನಗೂ ಕಲಿಸಿದ್ದ.

ಶೇಠರು ಚಹಾದ ಗ್ಲಾಸು ಹಿಡಿದು ಬಂದು ನಿಂತರು. "ಮೋಟಾರದ್ದ ತಪ್ಪೇನ್ರಿ?" ಅಂದರು.

ಇನ್ನೊಂದು ಡಬ್ಬಿ ಕೂಡಿಸಿದ್ದರೆ ದಂಡ ತಪ್ಪುತ್ತಿತ್ತು, ಎಲ್ಲರ ಬಾಯಿಯೂ ಮುಚ್ಚುತ್ತಿತ್ತು. ನನಗೂ ಅದು ಹೊಳೆಯದೆ ಇರಲಿಲ್ಲ, ಬಾಯಿಬಿಟ್ಟು ಹೇಳಿಯೂ ಹೇಳಿದೆ. ಆದರೆ ಶೇಠರು ಕೇಳಿದ್ದು ಡಬ್ಬಿಯ ಮಾತಲ್ಲ. ಬೇರೆ ಯಾರ ಕೆಲಸವಾಗಿದ್ದರೂ ಅಲ್ಲೇ ಕೂಗಾಡಿ ಬಿಡುತ್ತಿದ್ದೆ. ಆ ಹೊತ್ತು ನನ್ನ ನಾಲಿಗೆಗೆ ಮೊದಲ ಸಲ ಬೀಗ ಬಿತ್ತು. "ನಾಳೆ ಬಂದ ಹೇಳ್ತೇನ್ರಿ," ಅಂದು ಚಹಾ ಕುಡಿಯದೆ ಎದ್ದೆ.

ಹಳಿಯಾಳಕ್ಕೆ ಹೋಗದೆ ನೇರ ದಾಂಡೇಲಿಗೆ ಹೋದೆ. ಅಣ್ಣ ಅಂಗಡಿಯಲ್ಲಿ ಸುರುಳಿ ಸುತ್ತುತ್ತಿದ್ದ. ಪಕ್ಕದಲ್ಲಿ ವೈನಿ ಕಾಗದದ ಪಟ್ಟಿ ಕತ್ತರಿಸಿ ಕೊಡುತ್ತಿದ್ದರು. ಮದುವೆಯಾಗಿ ಬಂದಾಗಿನಿಂದ ಆ ಅಂಗಡಿಯ ಅರ್ಧ ಕೆಲಸ ಅತ್ತಿಗೆಯದೇ.

"ಅಣ್ಣಾ, ಶೇಠ್ರ ಮೋಟಾರ ಖಾಲಿ ಓಡೂಮುಂದನ ಜಗ್ಗಿ ಕರೆಂಟ್ ತಿನ್ನಾಕತ್ತಾವು."

"ಹಳೇವು ಅದಾವ. ತಿಂತಾವು."

"ಹಳೇವಂತಲ್ಲ. ನೀ ಕಾಸಿ ಕೆರದದ್ದಕ್ಕ."

ಹೇಳಿಬಿಟ್ಟೆ. ಬೀಗ ಬಿದ್ದ ನಾಲಿಗೆ ಬಿಚ್ಚಿದ್ದು ಅಣ್ಣನ ಮುಂದೆಯೇ. ಅವನು ಸುತ್ತುವುದನ್ನು ನಿಲ್ಲಿಸಿದ. ಅವನ ಮುಖ ಸಣ್ಣದಾದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

"ನಾ ಸುತ್ತಿದ್ದ ಮೋಟಾರ ಒಂದರ ಹಂಗಾಮಿನಾಗ ನಡುವ ನಿಂತದ್ದ ತೋರ್ಸು ನೋಡೂಣು," ಅಂದ. "ಬೆಳಿಗ್ಗೆ ತಂದ್ರ ಮರದಿನ ಸಂಜಿಗೆ ಕೊಟ್ಟೇನಿ. ಒಬ್ಬರೂ ತಿರುಗಿ ಬಂದ ಬೈದಿಲ್ಲ."

"ನಿಲ್ಲೂದಿಲ್ಲಣ್ಣಾ, ಓಡ್ತಾವು. ಓಡ್ತಾವು, ಬಿಲ್ ಏರಸ್ತಾವು."

ವೈನಿ ಕತ್ತರಿಯನ್ನು ನೆಲಕ್ಕೆ ಕುಕ್ಕಿದರು. "ತಿನ್ನೂ ಅನ್ನದಾಗ ಮಣ್ಣ ಹಾಕಾಕ ಬಂದೀ ಏನಪಾ? ಇದನ್ನ ಕಲೀಲಿ ಅಂತ ಓದಿಸಿದ್ವೇನ ನಿನ್ನ?"

ವೈನಿಯ ಮಾತು ಸುಳ್ಳಲ್ಲ. ಅಣ್ಣ ಎದ್ದು ಹೋಗಿ ಕೈ ತೊಳೆದುಕೊಂಡ, ಬಹಳ ಹೊತ್ತು ತೊಳೆದುಕೊಂಡ. ಬಂದವನು ಅಂದದ್ದು ಇಷ್ಟೇ: "ನಾಳೆ ಹೋಗೂಣು. ನನ್ನ ಮುಂದ ತೋರ್ಸು."

ಮರುದಿನ ಮುಂಡಗೋಡದಲ್ಲಿ ಅವನು ಮೊದಲು ಮಾಡಿದ್ದು ನಮ್ಮ ಕಡೆಯ ಪರೀಕ್ಷೆ. ಎರಡು ಬೆರಳಿನಿಂದ ಶಾಫ್ಟು ತಿರುಗಿಸಿದ. ಸದ್ದಿಲ್ಲದೆ ತಿರುಗಿತು. ನನ್ನ ಕಡೆ ನೋಡಿದ. ಪಾಪ, ಗೆದ್ದೆ ಅಂದುಕೊಂಡಿದ್ದ. ನಾನು ಸ್ವಿಚ್ಚು ಹಾಕಿ ಮೀಟರು ಕಚ್ಚಿಸಿ ತೋರಿಸಿದೆ. ಆಮೇಲೆ ಹೊಸ ಮೋಟಾರಿಗೆ ಹಾಕಿ ತೋರಿಸಿದೆ. ಅವನು ಮೀಟರನ್ನು ನನ್ನ ಕೈಯಿಂದ ಇಸಿದುಕೊಂಡ. ತಾನೇ ಒಂದೊಂದು ಮೋಟಾರಿನ ಹತ್ತಿರ ಹೋಗಿ, ಓಡಿಸಿ, ನೋಡಿ, ನಿಲ್ಲಿಸಿ, ಮುಂದಿನದಕ್ಕೆ ಹೋದ. ಬಿಚ್ಚಿಟ್ಟ ಮೋಟಾರಿನ ಸಂದಿಗೆ ಉಕ್ಕಿನ ಪಟ್ಟಿ ತೂರಿಸಿದ. ಪಟ್ಟಿಯ ಮೇಲೆ ಪಟ್ಟಿ ಸೇರಿಸಿದರೂ ಸಡಿಲವಾಗಿ ಹೋಗುತ್ತಿತ್ತು. ಹಿಂಡಿಯ ಚೀಲದ ಮೇಲೆ ಕೂತುಬಿಟ್ಟ.

ಶೇಠರು ಒಳ್ಳೆಯ ಮನುಷ್ಯರು. ಅವರಿಗೂ ನೆಂಟರ ಮೇಲೆ ಪ್ರೀತಿ, ಅಕ್ಕಿಯ ಮೇಲೆ ಆಸೆ. "ಇರ್ಲಿ ಭಾಯ್," ಅಂದರು ಅಣ್ಣನಿಗೆ, "ಇನ್ನೊಂದ ಡಬ್ಬಿ ಕೂಡ್ಸಿದ್ರ ದಂಡ ಹೋಗ್ತೈತಿ ಅಂತಾರ ನಿಮ್ಮ ತಮ್ಮ. ಹಂಗ ಮಾಡೂಣು."

"ದಂಡ ಹೋಗ್ತೈತ್ರಿ," ಅಂದ ಅಣ್ಣ. "ಮೋಟಾರ ಕಾಯೂದು ಹೋಗೂದಿಲ್ಲ. ಕಾಯ್ದದ್ದು ಮತ್ತ ಸುಡ್ತೈತಿ, ಮತ್ತ ನನ್ನ ಕಡೆ ಬರ್ತೈತಿ. ನಾ ಮತ್ತ ಕೆರೀತೇನಿ. ಬ್ಯಾಡ್ರಿ. ಹೊಸಾವ ತಗೋರಿ."

ಬರುವ ದಾರಿಯುದ್ದಕ್ಕೂ ಅಣ್ಣನ ಬೈಗುಳಕ್ಕೆ ಕಾದೆ. ಅವನು ನನ್ನನ್ನು ಬೈದಿದ್ದರೆ ಹಗುರವಾಗುತ್ತಿತ್ತು. ಬೈಯಲಿಲ್ಲ.

ಅಲ್ಲಿಂದ ಮುಂದೆ ಅಣ್ಣ ಬೆಂಕಿ ಹಚ್ಚುವುದನ್ನು ಬಿಟ್ಟ. ಉಳಿ, ಸುತ್ತಿಗೆ ಹಿಡಿದು ತಂತಿಯನ್ನು ಒಂದು ಕಡೆ ಕಡಿದು, ಇನ್ನೊಂದು ಕಡೆಯಿಂದ ಎಳೆ ಎಳೆಯಾಗಿ ಜಗ್ಗುತ್ತಿದ್ದ. ಅದು ಸರಿಯಾದ ಕ್ರಮ. ಆದರೆ ದಿನಗಟ್ಟಲೆ ಹಿಡಿಯುವ ಕೆಲಸ. ಅವನ ಅಂಗೈ ಬಿರಿದು ರಕ್ತ ಬರುತ್ತಿತ್ತು, ವೈನಿ ಅರಿಶಿನ ಹಚ್ಚಿ ಬಟ್ಟೆ ಕಟ್ಟುತ್ತಿದ್ದರು. ಕಬ್ಬಿಗೆ ನೀರು ಬಿಡಬೇಕಾದ ರೈತ ಅಷ್ಟು ದಿನ ಯಾಕೆ ಕಾಯುತ್ತಾನೆ? "ಏನಣ್ಣಾ, ಕೈ ಜಡ ಆತೇನು?" ಅಂತ ಪಂಪಿನ ಮೋಟಾರು ಎತ್ತಿಕೊಂಡು ಎದುರಿನ ಇನ್ನೊಂದು ವೈಂಡಿಂಗ್ ಅಂಗಡಿಗೆ ಹೋಗುತ್ತಿದ್ದ. ಎದುರಿನ ಅಂಗಡಿಯ ಹಿಂದೆ ಹೊಗೆ ಏಳುತ್ತಿತ್ತು. ಅಣ್ಣ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಕೆಲಸ ಹಾಳು ಮಾಡುವವನ ಅಂಗಡಿ ತುಂಬಿತ್ತು, ಸರಿಯಾಗಿ ಮಾಡುವವನದು ಬತ್ತಿತು. ಇದಕ್ಕೆ ಯಾರನ್ನು ಬೈಯಬೇಕೋ ತಿಳಿಯದೆ ನಾನು ಕಂಡಕಂಡವರ ಮೇಲೆಲ್ಲ ಹರಿಹಾಯುತ್ತಿದ್ದೆ.

ಇತ್ತ ನನಗೆ ಕೆಲಸ ಹೆಚ್ಚಾಯಿತು. ಹೊಸ ಮೋಟಾರು ಹಾಕಿಸಿದ ಮೇಲೆ ಶೇಠರ ಬಿಲ್ಲಿನಲ್ಲಿ ದಂಡ ಇಳಿದು ಹೋಯಿತು, ಯೂನಿಟ್ಟೂ ಇಳಿಯಿತು. ಅವರು ಪೇಟೆಯಲ್ಲೆಲ್ಲ ಹೇಳಿಕೊಂಡು ಬಂದರು. ಒಬ್ಬೊಬ್ಬರೇ ಗಿರಣಿಯವರು ನನ್ನನ್ನು ಕರೆಯತೊಡಗಿದರು. ಅಣ್ಣನಿಗೆ ಇದು ತಿಳಿಯಬಾರದು ಎಂದು ನಾನು ಒದ್ದಾಡಿದೆ, ಆದರೆ ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ? ಒಂದು ಬೆಳಿಗ್ಗೆ ಮೊದಲ ಬಸ್ಸಿಗೆ ಹಳಿಯಾಳಕ್ಕೆ ಬಂದು ನಮ್ಮ ಕಟ್ಟೆಯ ಮೇಲೆ ಕೂತಿದ್ದ.

"ಇವತ್ತ ಯಾವ ಗಿರಣಿ?" ಅಂದ.

"ತೇರಗಾಂವ."

"ಅಲ್ಲಿ ನಂದ ಅದಾವು. ನಡಿ, ತೋರಸ್ತೇನಿ."

ಬೇಡ ಅಂದೆ, ಕೇಳಲಿಲ್ಲ. ತೇರಗಾಂವದ ಅಕ್ಕಿ ಗಿರಣಿಯಲ್ಲಿ ಅವನು ಮೀಟರಿನ ದಾರಿಯನ್ನೂ ಕಾಯಲಿಲ್ಲ. ಒಂದೊಂದರ ಮುಂದೆ ನಿಂತು "ಇದು ನಂದು, ಇದು ನಂದಲ್ಲ, ಅದು ನಂದು" ಅನ್ನುತ್ತಾ ಹೋದ. ತನ್ನವೆಂದದ್ದನ್ನು ತೆಗೆಸಿಬಿಡಿ ಎಂದು ಗಿರಣಿಯ ಸಾವ್ಕಾರನಿಗೆ ಹೇಳಿದ. ಅವನಿಗೆ ಸಿಟ್ಟು ಬಂತು. "ಅವತ್ತ ಸುತ್ತಾಗ ಭಾರೀ ಮೋಟಾರ ಅಂದಿ. ಇವತ್ತ ಗುಜರಿಗೆ ಹಾಕ ಅಂತಿ. ನಾಚಿಗಿಲ್ಲೇನಲೇ ನಿನಗ?" ಅಂದ. ನನಗೆ ಮೈ ಉರಿದು ಒಂದು ಹೆಜ್ಜೆ ಮುಂದಿಟ್ಟೆ. ಅಣ್ಣ ನನ್ನ ಭುಜ ಹಿಡಿದು ಹಿಂದಕ್ಕೆಳೆದ. "ಅಂದ್ರ ಅನ್ಲಿ ಬಿಡೋ," ಅಂದ, ಸಾವ್ಕಾರನಿಗೂ ಕೇಳಿಸುವ ಹಾಗೆ.

ಆಮೇಲೆ ಹಾಗೆಯೇ ನಡೆಯಿತು. ಎಲ್ಲೆಲ್ಲಿ ಅವನ ಕೈ ಬಿದ್ದಿತ್ತೋ ಅಲ್ಲೆಲ್ಲ ನನ್ನನ್ನು ಕರೆದುಕೊಂಡು ಹೋದ. ಕೆಲವರು ಮೋಟಾರು ಬದಲಿಸಿದರು, ಕೆಲವರು ಬೈದರು, ಕೆಲವರು ಚಹಾ ಕುಡಿಸಿ ಸುಮ್ಮನೆ ಕಳಿಸಿದರು. ಬದಲಿಸಿದ ಕಡೆಯೆಲ್ಲ ಕೂಲಿ ನನಗೆ ಬಂತು. ಕೊಡಲು ಹೋದರೆ ಅಣ್ಣ ಮುಟ್ಟಲಿಲ್ಲ. ಅವನು ಬದುಕೆಲ್ಲ ಸುತ್ತಿದ್ದನ್ನು ಅವನ ಕಣ್ಣೆದುರೇ ನಾನು ಬಿಚ್ಚುತ್ತಿದ್ದೆ. ನಾನು ಹೇಳಿದ್ದು ನಿಜ, ಇವತ್ತೂ ಅದನ್ನೇ ಹೇಳುತ್ತೇನೆ. ಆದರೂ ಆ ನಿಜವನ್ನು ನಾನು ದ್ವೇಷಿಸುತ್ತೇನೆ.

ಕಡೆಗೆ ಉಳಿದದ್ದು ಜೋಯಿಡಾ ಕಡೆಯ ಒಂದು ಹಳ್ಳಿಯ ಗಿರಣಿ. ಕೊಂಕಣಿ ಮಾತಾಡುವ ಒಬ್ಬ ಮುದುಕಿ ನಡೆಸುವುದು. ಒಂದೇ ಮೋಟಾರು, ಅದರ ಮೇಲೆ ಭತ್ತ ಕುಟ್ಟುವ ಯಂತ್ರ. ಅಂಥ ಸಣ್ಣ ಗಿರಣಿಗೆ ಬೀಳುವ ದಂಡವೂ ಅಷ್ಟಕ್ಕಷ್ಟೇ. ಅಣ್ಣ ಆವತ್ತು ಬಾಡಿಗೆಯ ಪಿಕಪ್ ಗಾಡಿ ತಂದಿದ್ದ. ಹಿಂದುಗಡೆ ಗೋಣಿಯಲ್ಲಿ ಸುತ್ತಿದ್ದ ಏನೋ ಒಂದು ದಾರಿಯುದ್ದಕ್ಕೂ ದಡದಡ ಅನ್ನುತ್ತಿತ್ತು. ಕೇಳಿದರೆ ಹೇಳಲಿಲ್ಲ.

ಮುದುಕಿ ಅಣ್ಣನನ್ನು ಕಂಡು ಹಿಗ್ಗಿದಳು, ಅರ್ಧ ಕೊಂಕಣಿ ಅರ್ಧ ಕನ್ನಡದಲ್ಲಿ ಉಪಚಾರ ಮಾಡಿದಳು. ಸುಗ್ಗಿಯ ಹೊತ್ತಿಗೆ ಮೋಟಾರು ಸುಟ್ಟಾಗ ಇವನೇ ಬಂದು ಹೊತ್ತುಕೊಂಡು ಹೋಗಿ, ಮರುದಿನ ಹೊತ್ತು ತಂದು ಕೂಡಿಸಿ ಊರ ಮಂದಿಯ ಭತ್ತ ಉಳಿಸಿದ್ದನ್ನು ನನಗೆ ಹೇಳಿದಳು. ಮೋಟಾರು ಬದಲಿಸುವ ಮಾತು ತೆಗೆದದ್ದೇ ಎರಡೂ ಕೈ ಆಡಿಸಿಬಿಟ್ಟಳು. ಓಡುತ್ತಿದೆಯಲ್ಲ, ನಾನಿರುವ ತನಕ ಇದೇ ಇರಲಿ ಅಂದಳು.

ನನಗೆ ಎಷ್ಟು ಸಂತೋಷವಾಯಿತೆಂದರೆ ಅವಳ ಕಾಲು ಮುಟ್ಟುವುದೊಂದು ಬಾಕಿ. ಒಂದಾದರೂ ಉಳಿಯಿತಲ್ಲ! ಅಣ್ಣ ಮಾತ್ರ ಗಾಡಿಯ ಹತ್ತಿರ ಹೋಗಿ ಗೋಣಿ ಬಿಚ್ಚುತ್ತಿದ್ದ. ಒಳಗೆ ಹೊಚ್ಚ ಹೊಸ ಸಣ್ಣ ಮೋಟಾರು.

"ಇದೆಲ್ಲಿಂದ ತಂದಿ?"

"ಲೇತ್ ಮಾರಿದೆ."

"ಲೇತ್ ಮಾರಿದ್ರ ಅಂಗಡಿ?"

ಅವನು ಗೋಣಿಯ ಹಗ್ಗ ಸುತ್ತಿ ಪಕ್ಕಕ್ಕಿಟ್ಟ. "ಅಂಗಡಿ ಎಲ್ಲೈತೋ," ಅಂದ.

ನಾನು ಅವನ ಕೈ ಹಿಡಿದುಕೊಂಡೆ. ನನ್ನಂಥ ಒರಟನ ಕಣ್ಣಲ್ಲಿ ನೀರು ಬಂದಿತ್ತು. "ಅಣ್ಣಾ, ಸಾಕಿನ್ನ. ಆಕಿನ ಬ್ಯಾಡ ಅಂತಾಳ. ಇದೊಂದರ ಇರ್ಲಿ. ನಿನ್ನ ಕೈಯಾಂದು ಒಂದರ ಇರ್ಲಿ."

ಅವನು ಮುದುಕಿಯ ಕಡೆ ನೋಡಿದ. ಅವಳು ಅಂಗಳದಲ್ಲಿ ನಮಗೆ ಕೊಡಲು ಮುರುಗಲು ಹಣ್ಣಿನ ಪಾನಕ ಕದಡುತ್ತಿದ್ದಳು.

"ಆಕಿ ಬಿಲ್ಲಿನಾಗ ನಾ ಕುಂತೇನಿ ತಮ್ಮಾ," ಅಂದ. "ಪಾಪ, ಆಕಿಗೆ ಗೊತ್ತಿಲ್ಲ. ತಿಂಗಳಾ ತಿಂಗಳಾ ಕುಂತ ತಿನ್ನಾಕತ್ತೇನಿ. ನನ್ನ ಎಬ್ಬಿಸು."

ಬೋಲ್ಟು ಬಿಚ್ಚುವ ಪಾನಾವನ್ನು ನನ್ನ ಕೈಗೆ ಕೊಟ್ಟ. ಬೋಲ್ಟುಗಳಿಗೆ ತುಕ್ಕು ಹಿಡಿದಿತ್ತು. ಅವನೇ ಕೂತು ಒಂದೊಂದರ ಬುಡಕ್ಕೂ ಎಣ್ಣೆ ಬಿಟ್ಟುಕೊಟ್ಟ, ನಾನು ತಿರುಗಿಸಿದೆ.